ಬ್ಯಾಫಲ್ ಕಿತ್ತರೆ ಯೆಜ್ಡಿ ಹಾರುತ್ತದೆಯೇ?

‘ಬ್ಯಾಫಲ್ ಕಿತ್ ಬಿಸಾಕು ಗುರೂ, ಗಾಡಿ ಹಾರ್ತದೆ!’ ಹಳೇ ಯೆಜ್ಡಿ ಕೊಂಡ ಹುಡುಗನಿಗೆ ಮೈಸೂರಿನಲ್ಲಿ ಸಿಗುವ ಮೊದಲ ಉಪದೇಶ ಇದು. ಕಿತ್ತಿದ್ದೂ ಆಯಿತು. ಬಸ್ ಸ್ಟಾಪಿನಲ್ಲಿ ನಿಂತವರ ಕಿವಿ ಗುಂಯ್ ಎನ್ನುತ್ತದೆ, ಅಂಗಡಿಯೊಳಗೆ ಗಿರಾಕಿಯ ಮಾತು ಕೇಳಿಸುವುದಿಲ್ಲ. ಸದ್ದಂತೂ ಜೋರು. ಓಟ?

ಅಲ್ಲೇ ಇರೋದು ಎಡವಟ್ಟು. ಹಳೇ ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಸಿಲಿಂಡರಿನಿಂದ ಸುಟ್ಟ ಹೊಗೆ ಹೊರಡುವ ಹೊತ್ತಿಗೇ ಹೊಸ ಪೆಟ್ರೋಲ್-ಗಾಳಿ ಒಳನುಗ್ಗುತ್ತದೆ. ಅದರಲ್ಲಿ ಒಂದಿಷ್ಟು ಹೊಗೆಯ ಬೆನ್ನುಹತ್ತಿ ಹೊರಗೋಡುತ್ತದೆ. ಸೈಲೆನ್ಸರಿನಿಂದ ವಾಪಸು ಬರುವ ಒತ್ತಡ ಅದನ್ನು ತಡೆಯುತ್ತದೆ. ಬ್ಯಾಫಲ್ ಕಿತ್ತರೆ ಈ ಲೆಕ್ಕವೇ ತಪ್ಪುತ್ತದೆ. ನಿಧಾನದ ಓಟದಲ್ಲಿ ಎಳೆತ ಕಮ್ಮಿ, ಪೆಟ್ರೋಲ್ ಪೋಲು. ಕಾರ್ಬನ್ ಕಟ್ಟಿದ ಬ್ಯಾಫಲ್ ತೆಗೆದವನಿಗೆ ಗಾಡಿ ಹಗುರಾದಂತೆ ಅನಿಸೋದು ನಿಜವೇ. ಆದರೆ ಅದನ್ನು ಉಜ್ಜಿ ತೊಳೆದು ಹಾಕಿದ್ದರೂ ಸಾಕಿತ್ತಲ್ಲ!

ಏರ್ ಫಿಲ್ಟರ್ ಕೀಳುವುದು ಇನ್ನೂ ದುಬಾರಿ ಚಟ. ಗಾಳಿ ಹೆಚ್ಚಿ ಪೆಟ್ರೋಲ್ ಪಾಲು ಕಮ್ಮಿಯಾದರೆ ಎಂಜಿನ್ ಕಾಯುತ್ತದೆ. ಪೆಟ್ರೋಲಿಗೇ ಬೆರೆಸಿದ ಆಯಿಲ್ ಕೂಡ ಅಷ್ಟೇ ಕಮ್ಮಿ. ಮೇಲಿಂದ ರಸ್ತೆಯ ಧೂಳು ಬೇರೆ. ಒಂದು ದಿನ ನಡುರಸ್ತೆಯಲ್ಲಿ ಪಿಸ್ಟನ್ ಸೀಜ್!

ಕಾನೂನೂ ಹುಡುಗರ ಪರ ಇಲ್ಲ. ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು 1988ರ ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ದಂಡ ಕಟ್ಟಿ ಬರಬಹುದು, ಅದಿರಲಿ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಬೇಕಲ್ಲ, ಒರಿಜಿನಲ್ ಎಲ್ಲಿಂದ ತರೋದು? ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ.