ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಉಸಿರಾಟದ ತೊಂದರೆ: ಬಂಧುಗಳು ತಿಳಿದಿರಬೇಕಾದ ವಿಷಯಗಳು

ಮೋಟಾರ್ ನ್ಯೂರಾನ್ ಕಾಯಿಲೆ ಇರುವವರ ಮನೆಯಲ್ಲಿ ಎಲ್ಲರ ಗಮನವೂ ಕೈಕಾಲುಗಳ ಮೇಲೆ ಇರುತ್ತದೆ. ನಡೆಯಲು ಆಗುತ್ತಿದೆಯೇ, ತುತ್ತು ಎತ್ತಲು ಆಗುತ್ತಿದೆಯೇ ಎಂದು ದಿನವೂ ನೋಡುತ್ತೇವೆ. ಆದರೆ ಈ ಕಾಯಿಲೆಯಲ್ಲಿ ಪ್ರಾಣಕ್ಕೆ ಅಪಾಯ ತರುವುದು ಮುಖ್ಯವಾಗಿ ಉಸಿರಾಟದ ಸ್ನಾಯುಗಳ ದೌರ್ಬಲ್ಯ. ಅದು ಸದ್ದಿಲ್ಲದೆ ಬರುತ್ತದೆ. ಮೊದಲೇ ಗುರುತಿಸಿದರೆ ಬಹಳಷ್ಟು ಕಷ್ಟವನ್ನು ಕಡಿಮೆ ಮಾಡಬಹುದು.

ಉಸಿರಾಟಕ್ಕೆ ಏಕೆ ತೊಂದರೆ?

ಮಿದುಳು ಮತ್ತು ಬೆನ್ನುಹುರಿಯಿಂದ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಕೋಶಗಳು ಈ ಕಾಯಿಲೆಯಲ್ಲಿ ಒಂದೊಂದಾಗಿ ಸಾಯುತ್ತವೆ. ಫ್ರಾನ್ಸಿನ ವೈದ್ಯ ಷಾರ್ಕೊ 1869ರಲ್ಲಿಯೇ ಇದನ್ನು ವಿವರಿಸಿದ್ದರು. ಎದೆ ಮತ್ತು ಹೊಟ್ಟೆಯ ನಡುವೆ ಇರುವ ವಪೆ ಎಂಬ ಸ್ನಾಯು ಉಸಿರು ಒಳಗೆಳೆಯುವ ಮುಖ್ಯ ಕೆಲಸ ಮಾಡುತ್ತದೆ. ಅದಕ್ಕೆ ಅಪ್ಪಣೆ ತಲುಪದಿದ್ದಾಗ ಅದು ಸೊರಗುತ್ತದೆ. ಇಲ್ಲಿ ಶ್ವಾಸಕೋಶಗಳು ಕೆಟ್ಟಿರುವುದಿಲ್ಲ, ಅವುಗಳಿಗೆ ಗಾಳಿ ತುಂಬುವ ತಿದಿ ದುರ್ಬಲವಾಗಿರುತ್ತದೆ. ಹೀಗಾಗಿ ಇಂಗಾಲದ ಡೈಆಕ್ಸೈಡ್ ಪೂರ್ತಿಯಾಗಿ ಹೊರಹೋಗದೆ ರಕ್ತದಲ್ಲಿ ನಿಲ್ಲತೊಡಗುತ್ತದೆ.

ಮೊದಲ ಸೂಚನೆಗಳು ಯಾವುವು?

ರೋಗಿಯು ಹೆಚ್ಚು ಓಡಾಡದ ಕಾರಣ ಏದುಸಿರು ಕಾಣಿಸದೇ ಇರಬಹುದು. ಸೂಚನೆಗಳು ರಾತ್ರಿ ಮತ್ತು ಬೆಳಗಿನ ಹೊತ್ತು ಸಿಗುತ್ತವೆ.

1. ಚಪ್ಪಟೆಯಾಗಿ ಮಲಗಲು ಆಗದೆ, ಎರಡು ಮೂರು ದಿಂಬು ಕೇಳುವುದು.
2. ರಾತ್ರಿ ಮೇಲಿಂದ ಮೇಲೆ ಎಚ್ಚರವಾಗುವುದು, ಕೆಟ್ಟ ಕನಸು ಬೀಳುವುದು.
3. ಬೆಳಿಗ್ಗೆ ಏಳುವಾಗ ತಲೆನೋವು, ಹಗಲಿನಲ್ಲಿ ತೂಕಡಿಕೆ.
4. ಮಾತಿನ ದನಿ ಕುಗ್ಗುವುದು, ಒಂದು ವಾಕ್ಯದ ನಡುವೆ ಉಸಿರು ತೆಗೆದುಕೊಳ್ಳುವುದು.
5. ಕೆಮ್ಮಿಗೆ ಬಲವಿಲ್ಲದೆ ಕಫ ಗಂಟಲಲ್ಲೇ ಉಳಿಯುವುದು.

ಮಾತು ಸ್ಪಷ್ಟವಿರುವ ರೋಗಿಗೆ ವಾರಕ್ಕೊಮ್ಮೆ ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ಹೇಳಿ, ಎಲ್ಲಿಯವರೆಗೆ ಬಂತೆಂದು ಬರೆದಿಡಿರಿ. ಸಂಖ್ಯೆ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ವೈದ್ಯರಿಗೆ ತಿಳಿಸಿರಿ. ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಯನ್ನು ಸುಮಾರು ಮೂರು ತಿಂಗಳಿಗೊಮ್ಮೆ ಮಾಡಿಸುವುದು ಒಳ್ಳೆಯದು.

ಆಕ್ಸಿಮೀಟರ್ ಮತ್ತು ಆಮ್ಲಜನಕ: ಎಚ್ಚರಿಕೆ

2020ರ ಕೋವಿಡ್ ನಂತರ ಅನೇಕ ಮನೆಗಳಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಇದೆ. ಅದು 96 ತೋರಿಸಿತೆಂದು ನಿಶ್ಚಿಂತರಾಗಬೇಡಿರಿ. ಅದು ಆಮ್ಲಜನಕವನ್ನು ಮಾತ್ರ ಅಳೆಯುತ್ತದೆ, ರಕ್ತದಲ್ಲಿ ನಿಂತ ಇಂಗಾಲದ ಡೈಆಕ್ಸೈಡನ್ನು ತೋರಿಸುವುದಿಲ್ಲ. ಈ ಕಾಯಿಲೆಯಲ್ಲಿ ಆ ಅಂಕಿ ತಡವಾಗಿ ಇಳಿಯುತ್ತದೆ.

ಉಸಿರು ಕಷ್ಟವಾಯಿತೆಂದು ನೀವಾಗಿಯೇ ಆಮ್ಲಜನಕದ ಸಿಲಿಂಡರ್ ತಂದು ಹಚ್ಚಬೇಡಿರಿ. ಆಮ್ಲಜನಕ ಕೊಟ್ಟರೆ ಸ್ನಾಯುವಿಗೆ ಬಲ ಬರುವುದಿಲ್ಲ. ಬದಲಿಗೆ ಉಸಿರಾಟ ಇನ್ನಷ್ಟು ನಿಧಾನವಾಗಿ, ಇಂಗಾಲದ ಡೈಆಕ್ಸೈಡ್ ಏರಿ, ರೋಗಿ ಮಂಪರಿಗೆ ಜಾರಬಹುದು. ನ್ಯುಮೋನಿಯಾದಂತಹ ಸಂದರ್ಭದಲ್ಲಿ ಆಮ್ಲಜನಕ ಬೇಕಾಗಬಹುದು, ಆದರೆ ಅದು ವೈದ್ಯರ ನಿಗಾದಲ್ಲಿಯೇ ಆಗಬೇಕು. 108 ಆಂಬುಲೆನ್ಸ್ ಕರೆದಾಗಲೂ, ಬೇರೆ ಆಸ್ಪತ್ರೆಗೆ ಹೋದಾಗಲೂ ಕಾಯಿಲೆಯ ಹೆಸರನ್ನು ಮೊದಲು ಹೇಳಿರಿ. ನಿದ್ರೆ ಮಾತ್ರೆಯನ್ನು ಕೇಳದೆ ಕೊಡಬೇಡಿರಿ.

ಸಹಾಯ ಮಾಡುವ ಚಿಕಿತ್ಸೆ ಯಾವುದು?

ಮುಖಕ್ಕೆ ಮಾಸ್ಕ್ ಹಾಕಿ ಗಾಳಿಯನ್ನು ಒತ್ತಡದಿಂದ ಒಳಗೆ ಕಳಿಸುವ ಬೈಪ್ಯಾಪ್ ಯಂತ್ರವು ದಣಿದ ಸ್ನಾಯುಗಳಿಗೆ ವಿಶ್ರಾಂತಿ ಕೊಡುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆ ಬೇಡ. ಮೊದಲು ರಾತ್ರಿ ಮಾತ್ರ ಸಾಕಾಗುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನುಂಗುವ ಮತ್ತು ಮಾತಿನ ಸ್ನಾಯುಗಳು ತೀರಾ ಸೋತಿರದ ರೋಗಿಗಳು ಇಂತಹ ಯಂತ್ರದಿಂದ ಸುಮಾರು ಏಳು ತಿಂಗಳು ಹೆಚ್ಚು ಬದುಕಿದರು, ಬದುಕಿನ ನೆಮ್ಮದಿಯೂ ಹೆಚ್ಚಿತು. ಆ ಸ್ನಾಯುಗಳು ಬಹಳ ಸೋತವರಿಗೆ ಆಯುಷ್ಯ ಹೆಚ್ಚದಿದ್ದರೂ ನಿದ್ರೆ ಮತ್ತು ಆರಾಮ ಸುಧಾರಿಸಬಹುದು.

ಮೊದಲ ಕೆಲವು ರಾತ್ರಿ ಮಾಸ್ಕ್ ಉಸಿರುಗಟ್ಟಿಸಿದಂತೆ ಅನಿಸುತ್ತದೆ. ಬಿಡಬೇಡಿರಿ. ಹಗಲಿನಲ್ಲಿ ಅರ್ಧ ಗಂಟೆ ಹಾಕಿ, ಪಕ್ಕದಲ್ಲಿ ಕುಳಿತು ಧೈರ್ಯ ಹೇಳಿ ಅಭ್ಯಾಸ ಮಾಡಿಸಿರಿ. ಕರೆಂಟು ಹೋಗುವ ಊರಾದರೆ ಬ್ಯಾಟರಿಯ ಏರ್ಪಾಡು ಮೊದಲೇ ಇರಲಿ.

ಮನೆಯ ಆರೈಕೆ

ತಲೆಯ ಭಾಗ ಎತ್ತರವಾಗಿರುವಂತೆ ಮಲಗಿಸಿರಿ. ಕುಳ್ಳಿರಿಸಿಯೇ, ಸ್ವಲ್ಪ ಸ್ವಲ್ಪವಾಗಿ ಉಣಿಸಿರಿ. ನೀರು ನೆತ್ತಿಗೇರುತ್ತಿದ್ದರೆ ಗಂಜಿಯಂತೆ ಮಂದವಾದ ಪದಾರ್ಥ ಕೊಡುವ ಬಗ್ಗೆ ಕೇಳಿರಿ. ಹೊಟ್ಟೆಗೆ ಆಹಾರದ ನಳಿಕೆ ಬೇಕಾಗುವಂತಿದ್ದರೆ, ಉಸಿರಿನ ಸಾಮರ್ಥ್ಯ ಅರ್ಧಕ್ಕಿಂತ ಇಳಿಯುವ ಮೊದಲೇ ಹಾಕಿಸುವುದು ಹೆಚ್ಚು ಸುರಕ್ಷಿತ. ಕೆಮ್ಮುವಾಗ ಕೈಯಿಂದ ಹೊಟ್ಟೆ ಒತ್ತಿ ನೆರವಾಗುವ ವಿಧಾನವನ್ನು ಫಿಜಿಯೋಥೆರಪಿಸ್ಟರಿಂದ ಕಲಿಯಿರಿ. ಫ್ಲೂ ಲಸಿಕೆ ಹಾಕಿಸಿರಿ. ನೆಗಡಿ ಇದ್ದವರು ರೋಗಿಯಿಂದ ದೂರವಿರಲಿ.

ಜ್ವರ, ಹಳದಿ ಕಫ, ಎಬ್ಬಿಸಿದರೂ ಏಳದ ಮಂಪರು, ತುಟಿ ನೀಲಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಬನ್ನಿರಿ.

ಕಷ್ಟದ ಮಾತನ್ನು ಮೊದಲೇ ಆಡಿರಿ

ಕಾಯಿಲೆ ಮುಂದುವರಿದಾಗ ಕುತ್ತಿಗೆಗೆ ರಂಧ್ರ ಮಾಡಿ ವೆಂಟಿಲೇಟರ್ ಜೋಡಿಸಬೇಕೇ ಎಂಬ ಪ್ರಶ್ನೆ ಬರುತ್ತದೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ 1985ರಲ್ಲಿ ಇಂತಹ ರಂಧ್ರ ಮಾಡಲಾಯಿತು, ಅವರು 2018ರವರೆಗೆ ಬದುಕಿದರು. ಆದರೆ ಅವರ ಕಾಯಿಲೆ ಅಪರೂಪವಾಗಿ ನಿಧಾನವಾಗಿತ್ತು, ಹಗಲಿರುಳು ಆರೈಕೆಯೂ ಇತ್ತು. ವೆಂಟಿಲೇಟರ್ ಹಾಕಿದರೂ ಕೈಕಾಲಿನ ದೌರ್ಬಲ್ಯ ಮುಂದುವರಿಯುತ್ತದೆ. ಬೇಕೆನ್ನುವುದೂ ಬೇಡವೆನ್ನುವುದೂ ತಪ್ಪಲ್ಲ. ಆದರೆ ನಡುರಾತ್ರಿ ತುರ್ತು ವಾರ್ಡಿನ ಬಾಗಿಲಲ್ಲಿ ಮಕ್ಕಳು ನಿರ್ಧರಿಸುವಂತಾಗಬಾರದು. ರೋಗಿಗೆ ಮಾತನಾಡಲು, ಸನ್ನೆ ಮಾಡಲು ಆಗುವಾಗಲೇ ಅವರನ್ನು ಕೇಳಿರಿ.

ಇಂತಹ ಇಚ್ಛೆಯನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯಮಾಡಿತು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಹಿಯೊಡನೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಅದನ್ನು ಮಾಡಬಹುದು.

ಉಸಿರುಗಟ್ಟಿ ಒದ್ದಾಡುವ ಸಾವು ಬರುತ್ತದೆಯೇ ಎಂಬುದು ಬಹುತೇಕ ರೋಗಿಗಳು ಬಾಯಿಬಿಟ್ಟು ಕೇಳದ ಭಯ. ಸರಿಯಾದ ಉಪಶಮನ ಆರೈಕೆ ಇದ್ದಲ್ಲಿ ಹೆಚ್ಚಿನವರ ಕೊನೆ ಶಾಂತವಾಗಿಯೇ ಇರುತ್ತದೆ. ದಮ್ಮಿನ ಸಂಕಟವನ್ನು ತಗ್ಗಿಸುವ ಔಷಧಿಗಳಿವೆ. ಈ ಮಾತನ್ನು ಅವರಿಗೆ ಹೇಳಿರಿ. ನಿಮಗೆ ಹೇಳಲು ಕಷ್ಟವಾದರೆ ವೈದ್ಯರನ್ನು ಕೇಳಿಕೊಳ್ಳಿರಿ. ಕಾಯಿಲೆಯನ್ನು ಪೂರ್ತಿ ವಾಸಿಮಾಡುವ ಔಷಧಿ ಇಂದಿಗೂ ಇಲ್ಲ. ಆದರೆ ಒಂದು ರಾತ್ರಿಯ ಒಳ್ಳೆಯ ನಿದ್ರೆ, ನೋವಿಲ್ಲದ ಒಂದು ಬೆಳಗು, ಇವನ್ನು ಕೊಡುವುದು ನಮ್ಮ ನಿಮ್ಮ ಕೈಯಲ್ಲಿದೆ.