ಪ್ರಯೋಗದ ಹೊಸ್ತಿಲಲ್ಲಿ ನಿಂತ ರೋಗಿ

ಮಲ್ಟಿಪಲ್ ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರ್ ಅಮೆರಿಕದಲ್ಲಿ ಬಿಳಿಯರಿಗಿಂತ ಕಪ್ಪುವರ್ಣೀಯರನ್ನು ಸುಮಾರು ಎರಡು ಪಟ್ಟು ಹೆಚ್ಚು ಕಾಡುತ್ತದೆ. ಈ ರೋಗಿಗಳಲ್ಲಿ ಸುಮಾರು ಶೇ. 20 ಮಂದಿ ಅವರೇ. ಹೊಸ ಔಷಧಗಳ ಪ್ರಯೋಗಗಳಲ್ಲಿ ಮಾತ್ರ ಅವರ ಪಾಲು ಬಹುತೇಕ ಶೇ. 10ಕ್ಕಿಂತ ಕಡಿಮೆ.

ಕಾರಣ ಕೇಳಿದರೆ ವೈದ್ಯರಾದ ನಾವು ಅವರ ಅಪನಂಬಿಕೆಯನ್ನು ಮುಂದಿಡುತ್ತೇವೆ. ಅದು ನಿರಾಧಾರವಲ್ಲ. ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ವೈದ್ಯರೇ ಸಿಫಿಲಿಸ್ ಪೀಡಿತ ಕಪ್ಪುವರ್ಣೀಯರಿಗೆ ಚಿಕಿತ್ಸೆ ನೀಡದೆ ರೋಗದ ಗತಿಯನ್ನು ಗಮನಿಸುತ್ತ ಕುಳಿತಿದ್ದರು. ಆದರೆ ಒಪ್ಪಿ ಬಂದವರನ್ನೂ ನಮ್ಮ ನಿಯಮಗಳು ಹೊರಗಿಡುತ್ತವೆ.

ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಪ್ರತಿ ಮೈಕ್ರೋಲೀಟರಿಗೆ 1500 ಇರಲೇಬೇಕೆಂದು ಹಲವು ಪ್ರಯೋಗಗಳು ವಿಧಿಸುತ್ತವೆ. ಆಫ್ರಿಕನ್ ಮೂಲದ ಅನೇಕರ ಕೆಂಪು ರಕ್ತಕಣಗಳಲ್ಲಿ ‘ಡಫಿ’ ಪ್ರೋಟೀನ್ ಇರುವುದಿಲ್ಲ. ಪೂರ್ವಜರನ್ನು ವೈವಾಕ್ಸ್ ಮಲೇರಿಯಾದಿಂದ ಕಾಪಾಡಿದ ಈ ಗುಣವುಳ್ಳವರಲ್ಲಿ ನ್ಯೂಟ್ರೋಫಿಲ್ ಎಣಿಕೆ ಸಹಜವಾಗಿಯೇ ಕಡಿಮೆ. ಅದು ರೋಗವಲ್ಲ, ಸೋಂಕಿನ ಅಪಾಯವನ್ನೂ ಹೆಚ್ಚಿಸದು.

ಹಿಂದೊಮ್ಮೆ 1300 ಎಂಬ ಅಂಕಿ ನೋಡಿ ನಾನೂ ಒಬ್ಬ ಮಹಿಳೆಗೆ, “ನೀವು ಅರ್ಹರಲ್ಲ” ಎಂದಿದ್ದೆ. “ಆರೋಗ್ಯವಾಗಿದ್ದಾಗಲೂ ನನಗೆ ಅಷ್ಟೇ ಇತ್ತಲ್ಲ ಡಾಕ್ಟರ್?” ಎಂದರು ಆಕೆ. ನನ್ನಲ್ಲಿ ಉತ್ತರವಿರಲಿಲ್ಲ. ಡಫಿ ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕಂತೆ ಮಿತಿಯನ್ನು ಸಡಿಲಿಸುವುದು ಕಷ್ಟವೇನಲ್ಲ. ರೋಗಿಯ ಅಪನಂಬಿಕೆಯನ್ನು ದೂರುವ ಮೊದಲು ನಾವು ತಿದ್ದಬೇಕಾದುದು ನಮ್ಮದೇ ಅಳತೆಗೋಲನ್ನು.