ಹಳೆಯ ಗಾಡಿಗೆ ಬಲಿಷ್ಠ ಡೀಸೆಲ್ ಎಂಜಿನ್

ಅಮೆರಿಕದಲ್ಲಿ ಹಳೆಯ ಪಿಕಪ್ ಗಾಡಿಯ ಪೆಟ್ರೋಲ್ ಎಂಜಿನನ್ನು ಇಳಿಸಿ, ಆ ಸ್ಥಾನದಲ್ಲಿ ಡೀಸೆಲ್ ಎಂಜಿನನ್ನು ಕೂಡಿಸುವ ಹವ್ಯಾಸವುಳ್ಳವರು ಅನೇಕರಿರುವರು. ಅವರಲ್ಲಿ ಹಲವರ ಮೆಚ್ಚಿನದು ಕಮಿನ್ಸ್ ಸಂಸ್ಥೆಯ 5.9 ಲೀಟರಿನ, ಆರು ಸಿಲಿಂಡರುಗಳ ಎಂಜಿನ್. 1989ರ ಡಾಡ್ಜ್ ಗಾಡಿಯಲ್ಲಿ ಅದರ ಬಲ 160 ಅಶ್ವಶಕ್ತಿ ಮಾತ್ರ. 1998ರ ನಡುವಿನವರೆಗಿನ ಮಾದರಿಗಳ ಇಂಧನದ ಪಂಪು ಯಾಂತ್ರಿಕವಾದುದು. ಕಂಪ್ಯೂಟರಿನ ಹಂಗಿಲ್ಲದುದರಿಂದ ಬೇರೆ ಕಂಪನಿಯ ಗಾಡಿಗೂ ಒಗ್ಗುತ್ತದೆ.

ಬಲವನ್ನು ಹೆಚ್ಚಿಸುವುದೆಂತು? ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಅದುಮಲ್ಪಟ್ಟು ಕಾದ ಗಾಳಿಯೊಳಕ್ಕೆ ಚಿಮ್ಮಿದೊಡನೆ ಇಂಧನವು ಹೊತ್ತಿಕೊಳ್ಳುವುದು. ಇಂಧನ ಹೆಚ್ಚಿದರೆ ಬಲವೂ ಹೆಚ್ಚು. ಆದರೆ ತಕ್ಕಷ್ಟು ಗಾಳಿಯನ್ನು ಟರ್ಬೊ ತುಂಬದಿದ್ದರೆ ಕರಿಹೊಗೆಯೆದ್ದು, ಶಾಖ ಮಿತಿಮೀರಿ ಅಲ್ಯೂಮಿನಿಯಮ್ ಪಿಸ್ಟನ್ನೇ ಕರಗೀತು. ಗಾಳಿಯನ್ನು ಹೆಚ್ಚಾಗಿ ತುಂಬಿದರೋ, ಒತ್ತಡವು ಸಿಲಿಂಡರಿನ ಮುಚ್ಚಳವನ್ನೇ ಎತ್ತಲು ಹವಣಿಸುವುದು. ಅದನ್ನು ಹಿಡಿದಿಡಲು ಗಟ್ಟಿಯುಕ್ಕಿನ ಸ್ಟಡ್ಡುಗಳು ಬೇಕು. ಆದುದರಿಂದ ಪಂಪಿನ ತಿರುಪನ್ನು ತಿರುಗಿಸುವುದು ಕೊನೆಯ ಕೆಲಸವಾಗಿರಲೆಂದು ನಾವು ಹೇಳುವೆವು.

ಇನ್ನೊಂದು ಅಪಾಯ ಬೆರಳುದ್ದವೂ ಇಲ್ಲ. ಮುಂಭಾಗದ ಹಲ್ಲುಗಾಲಿಗಳ ಪೆಟ್ಟಿಗೆಯಲ್ಲಿ ಒಂದು ಉಕ್ಕಿನ ಪಿನ್ನಿದೆ. ಅದು ಅದುರಾಟದಿಂದ ಸಡಿಲಗೊಂಡು ಗಾಲಿಗಳ ನಡುವೆ ಬಿದ್ದರೆ ಪೆಟ್ಟಿಗೆಯೇ ಬಿರಿದೀತು. ಎಂಜಿನ್ ಕೆಳಗಿರುವಾಗಲೇ ಅದಕ್ಕೊಂದು ಲೋಹದ ತಡೆಯನ್ನು ಬಿಗಿಯಬೇಕು. ಸುಮಾರು ಅರ್ಧ ಟನ್ನು ತೂಗುವ ಈ ಎಂಜಿನನ್ನು ಹೊರಲು ಮುಂದಿನ ಸ್ಪ್ರಿಂಗುಗಳನ್ನೂ, ಓಟವನ್ನು ತಡೆಯಲು ಬ್ರೇಕುಗಳನ್ನೂ ಬಲಪಡಿಸಿದ ಮೇಲೆಯೇ ಗಾಡಿಯು ರಸ್ತೆಗೆ ಇಳಿಯತಕ್ಕದ್ದು.